ಥಾಯ್ಲೆಂಡ್ ಪ್ರವಾಸದಲ್ಲಿ ಅಡುಗೆ ತರಗತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಥಾಯ್ಲೆಂಡಿಗೆ ಹೋದಾಗ ಒಂದು ದಿನವನ್ನೋ ಅರ್ಧ ದಿನವನ್ನೋ ಅಲ್ಲಿನ ಅಡುಗೆ ಕಲಿಯಲು ಮೀಸಲಿಡಬೇಕೆಂದಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಚಿಯಾಂಗ್ ಮಾಯ್ ಮತ್ತು ಬ್ಯಾಂಕಾಕ್ ನಗರಗಳ ತರಗತಿಗಳನ್ನೇ ಮುಖ್ಯವಾಗಿ ಗಮನದಲ್ಲಿಟ್ಟುಕೊಳ್ಳಲಾಗಿದೆ. ಸಸ್ಯಾಹಾರದ ಪ್ರಶ್ನೆ ನಮ್ಮಲ್ಲಿ ಬಹಳ ಜನರಿಗೆ ಮುಖ್ಯವಾದ್ದರಿಂದ ಅದನ್ನು ವಿವರವಾಗಿ ಚರ್ಚಿಸಲಾಗಿದೆ.

ಇಂಥ ತರಗತಿಯಲ್ಲಿ ನಿಜವಾಗಿ ಏನೇನು ನಡೆಯುತ್ತದೆ?

ಬಹುತೇಕ ಶಾಲೆಗಳ ದಿನಚರಿ ಒಂದೇ ಬಗೆಯದು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಶಾಲೆಯ ವಾಹನ ನಿಮ್ಮ ಹೋಟೆಲಿಗೇ ಬಂದು ಕರೆದುಕೊಂಡು ಹೋಗುತ್ತದೆ; ಚಿಯಾಂಗ್ ಮಾಯ್‌ನಲ್ಲಿ ಅದು ಹಿಂದೆ ಎದುರುಬದುರಾಗಿ ಎರಡು ಬೆಂಚುಗಳಿರುವ ಸೊಂಗ್‌ಥೇವ್ ಆಗಿರಬಹುದು. ಮೊದಲು ಮಾರುಕಟ್ಟೆ. ಅಲ್ಲಿ ಶಿಕ್ಷಕರು ಸೊಪ್ಪು, ಬೇರು, ಅಕ್ಕಿ, ಸಾಸ್‌ಗಳನ್ನು ಒಂದೊಂದಾಗಿ ಕೈಗೆ ಕೊಟ್ಟು, ಮೂಸಿ ನೋಡಲು ಹೇಳಿ, ಯಾವುದು ಯಾವ ಅಡುಗೆಗೆ ಎಂದು ವಿವರಿಸುತ್ತಾರೆ. ಅಲ್ಲಿಂದ ಅಡುಗೆ ಮನೆಗೆ ಹೋದ ಮೇಲೆ ಪ್ರತಿಯೊಬ್ಬರಿಗೂ ಒಂದು ಒಲೆ, ಒಂದು ಬಾಣಲೆ, ಒಂದು ಮಣೆ, ಒಂದು ಚಾಕು ಸಿಗುತ್ತದೆ. ಒಂದು ಪಲ್ಯ, ಒಂದು ಸೂಪ್, ಒಂದು ಕರಿ, ಒಂದು ಸಿಹಿ ಎಂದು ನಾಲ್ಕರಿಂದ ಆರೇಳು ಅಡುಗೆಗಳನ್ನು ನೀವೇ ಮಾಡುತ್ತೀರಿ, ಮಾಡಿದ್ದನ್ನು ನೀವೇ ಕುಳಿತು ಉಣ್ಣುತ್ತೀರಿ. ಆದ್ದರಿಂದ ಆ ದಿನ ಬೆಳಿಗ್ಗೆ ಹೊಟ್ಟೆ ತುಂಬ ತಿಂಡಿ ತಿಂದು ಹೋಗಬಾರದು.

ಶಿಕ್ಷಕರು ಮಾಡುವುದನ್ನು ನೋಡಿದರೆ ಸಾಲದೇ? ನಮ್ಮ ಕೈಯಿಂದಲೇ ಮಾಡಬೇಕೇ?

ಮಾಡಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಥಾಯ್ ಅಡುಗೆಯ ಪಾಕವಿಧಾನಗಳು ಎಲ್ಲ ಕಡೆ ಸಿಗುತ್ತವೆ. ತರಗತಿ ಮುಗಿದ ಮೇಲೆ ಶಾಲೆಯವರೂ ಒಂದು ಪುಸ್ತಕ ಕೊಟ್ಟು ಕಳುಹಿಸುತ್ತಾರೆ. ಪುಸ್ತಕದಲ್ಲಿ ಸಿಗದಿರುವುದು ರುಚಿ ಹದ ಮಾಡುವ ಅಭ್ಯಾಸ. ಹುಳಿ, ಉಪ್ಪು, ಸಿಹಿ, ಖಾರ ಈ ನಾಲ್ಕನ್ನೂ ಒಲೆಯ ಮುಂದೆ ನಿಂತು ಚಮಚದಲ್ಲಿ ನೆಕ್ಕಿ ನೋಡಿ, ಇನ್ನಷ್ಟು ನಿಂಬೆಹುಳಿಯೋ, ಚಿಟಿಕೆ ತಾಳೆ ಬೆಲ್ಲವೋ ಎಂದು ತೀರ್ಮಾನಿಸುವ ಕ್ಷಣವೇ ಈ ಅಡುಗೆಯ ಜೀವಾಳ. ನಿಂಬೆಹಣ್ಣಿನ ಹುಳಿ ಒಂದು ಹಣ್ಣಿನಿಂದ ಇನ್ನೊಂದಕ್ಕೆ, ಮೀನಿನ ಸಾಸ್‌ನ ಉಪ್ಪು ಒಂದು ಬಾಟಲಿಯಿಂದ ಇನ್ನೊಂದಕ್ಕೆ ಬೇರೆಯಾಗುವುದರಿಂದ ಅಳತೆ ಚಮಚವನ್ನು ನಂಬಿದರೆ ಅಡುಗೆ ಕೆಡುತ್ತದೆ. ಒಳ್ಳೆಯ ಶಿಕ್ಷಕರು ನಿಮ್ಮ ಬಾಣಲೆಯ ಬಳಿ ಬಂದು ರುಚಿ ನೋಡಿ, ಏನು ಕಡಿಮೆಯಾಗಿದೆ ಎಂದು ಹೇಳದೆ, ನಿಮಗೇನು ಅನ್ನಿಸುತ್ತದೆ ಎಂದು ಕೇಳುತ್ತಾರೆ. ಆ ಒಂದು ಪ್ರಶ್ನೆಗೆ ಉತ್ತರ ಹೇಳಲು ಕಲಿತರೆ ಕೊಟ್ಟ ಹಣ ಸಾರ್ಥಕ. ಶಿಕ್ಷಕರು ಮುಂದೆ ನಿಂತು ಮಾಡಿ ತೋರಿಸಿ, ಕೊನೆಗೆ ಎಲ್ಲರಿಗೂ ಒಂದೊಂದು ಬಟ್ಟಲು ಬಡಿಸುವ ಕಾರ್ಯಕ್ರಮದಲ್ಲಿ ಊಟ ಚೆನ್ನಾಗಿರಬಹುದು, ಆದರೆ ಕಲಿಕೆ ಆಗುವುದಿಲ್ಲ.

ಯಾವ ಊರಿನಲ್ಲಿ ಕಲಿಯುವುದು ಒಳ್ಳೆಯದು?

ಬಿಡುವಿದ್ದರೆ ಚಿಯಾಂಗ್ ಮಾಯ್. ಬ್ಯಾಂಕಾಕಿನಿಂದ ಉತ್ತರಕ್ಕೆ ಸುಮಾರು 700 ಕಿಲೋಮೀಟರ್ ದೂರದ ಈ ನಗರದಲ್ಲಿ ಪ್ರವಾಸಿಗರಿಗೆ ಅಡುಗೆ ಕಲಿಸುವ ಶಾಲೆಗಳು ಬಹಳ ಇವೆ. 1993ರಲ್ಲಿ ಆರಂಭವಾದ ಚಿಯಾಂಗ್ ಮಾಯ್ ಥಾಯ್ ಕುಕರಿ ಸ್ಕೂಲ್ ಅವುಗಳಲ್ಲಿ ಹಳೆಯದು. ಕೆಲವು ಶಾಲೆಗಳು ಹಳೆಯ ಕೋಟೆ ಪ್ರದೇಶದೊಳಗೇ ಇವೆ, ಕೆಲವು ಊರ ಹೊರಗಿನ ತೋಟಗಳಲ್ಲಿವೆ. ತೋಟದ ಶಾಲೆಯಲ್ಲಿ ಮಜ್ಜಿಗೆ ಹುಲ್ಲನ್ನು ಬುಡಸಮೇತ ಕಿತ್ತು, ಮಕ್ರುತ್ ನಿಂಬೆಯ ಎಲೆಯನ್ನು ಗಿಡದಿಂದಲೇ ಕೊಯ್ದು ತಂದು ಅಡುಗೆ ಮಾಡಬಹುದು. ಗಿಡವನ್ನು ಕಣ್ಣಾರೆ ಕಂಡವರು ಊರಿಗೆ ಮರಳಿದ ಮೇಲೆ ಅದನ್ನು ನರ್ಸರಿಯಲ್ಲಿ ಸುಲಭವಾಗಿ ಗುರುತಿಸುತ್ತಾರೆ, ಆ ಕಾರಣಕ್ಕೆ ನಾನು ತೋಟವನ್ನೇ ಶಿಫಾರಸು ಮಾಡುತ್ತೇನೆ. ಉತ್ತರ ಭಾಗದ ವಿಶೇಷವಾದ ಖಾವ್ ಸೊಯ್, ಅಂದರೆ ತೆಂಗಿನ ಹಾಲಿನ ಕರಿಯಲ್ಲಿ ಮೊಟ್ಟೆ ನೂಡಲ್ಸ್ ಹಾಕಿ ಮೇಲೆ ಕರಿದ ನೂಡಲ್ಸ್ ಉದುರಿಸಿ ಕೊಡುವ ಅಡುಗೆ, ಕಲಿಯುವುದಾದರೆ ಈ ಊರಿನಲ್ಲೇ ಕಲಿಯಬೇಕು.

ಬ್ಯಾಂಕಾಕಿನಲ್ಲಿ ಎರಡು ಮೂರು ದಿನ ಮಾತ್ರ ಇರುವವರು ಅಲ್ಲೇ ಕಲಿತರೂ ನಷ್ಟವಿಲ್ಲ. ಸಿಲೋಮ್, ಸಾಥೋರ್ನ್ ಭಾಗಗಳಲ್ಲಿ ಒಳ್ಳೆಯ ಶಾಲೆಗಳಿವೆ. ದಕ್ಷಿಣದ ಫುಕೆಟ್, ಕ್ರಾಬಿ ಕಡೆ ಹಸಿ ಅರಿಸಿನ ಹೆಚ್ಚು ಬಳಸುವ, ಖಾರವೂ ಹೆಚ್ಚಿರುವ ಕರಿಗಳು ಪ್ರಸಿದ್ಧ. ಆದರೆ ಕಡಲತೀರದ ಎಷ್ಟೋ ತರಗತಿಗಳು ಪ್ಯಾಡ್ ಥಾಯ್ (ಹುರಿದ ಅಕ್ಕಿ ನೂಡಲ್ಸ್) ಮತ್ತು ಹಸಿರು ಕರಿಯನ್ನೇ ಕಲಿಸುವುದರಿಂದ, ಆ ಪ್ರದೇಶದ ಅಡುಗೆ ಇದೆಯೇ ಎಂದು ಮೊದಲೇ ಕೇಳಬೇಕು.

ಅರ್ಧ ದಿನದ ತರಗತಿ ಸಾಕೇ? ಎಷ್ಟು ಖರ್ಚಾಗುತ್ತದೆ?

ಅರ್ಧ ದಿನವೆಂದರೆ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಅಥವಾ ಸಂಜೆ ನಾಲ್ಕರಿಂದ ರಾತ್ರಿ ಎಂಟರವರೆಗೆ. ಪೂರ್ಣ ದಿನವೆಂದರೆ ಮಧ್ಯಾಹ್ನ ಮೂರು ನಾಲ್ಕರವರೆಗೆ. ಚಿಯಾಂಗ್ ಮಾಯ್‌ನಲ್ಲಿ ಅರ್ಧ ದಿನಕ್ಕೆ ಸಾವಿರ ಬಾತ್‌ನ ಆಸುಪಾಸು, ಪೂರ್ಣ ದಿನಕ್ಕೆ ಅದಕ್ಕಿಂತ ಕೆಲವು ನೂರು ಬಾತ್ ಹೆಚ್ಚು ಎಂದು ಲೆಕ್ಕ ಹಾಕಬಹುದು. ಒಂದು ಬಾತ್‌ಗೆ ಎರಡೂವರೆ ರೂಪಾಯಿಯಿಂದ ಮೂರು ರೂಪಾಯಿ ಹಿಡಿದರೆ ಅಂದಾಜು ಸಿಗುತ್ತದೆ. ಬ್ಯಾಂಕಾಕಿನ ದೊಡ್ಡ ಹೋಟೆಲುಗಳ ತರಗತಿಗಳಿಗೆ ಇದರ ಮೂರು ನಾಲ್ಕು ಪಟ್ಟು ಆಗುವುದುಂಟು.

ಪೂರ್ಣ ದಿನಕ್ಕೂ ಅರ್ಧ ದಿನಕ್ಕೂ ಬೆಲೆಯಲ್ಲಿ ಅಂತರ ಕಡಿಮೆ, ಕಲಿಕೆಯಲ್ಲಿ ಅಂತರ ಹೆಚ್ಚು. ಅರ್ಧ ದಿನದ ತರಗತಿಯಲ್ಲಿ ಸಮಯ ಉಳಿಸಲು ಕರಿ ಪೇಸ್ಟನ್ನು ಮೊದಲೇ ಕುಟ್ಟಿ ಇಟ್ಟಿರುವುದುಂಟು, ತರಕಾರಿಯನ್ನು ಹೆಚ್ಚಿ ಇಟ್ಟಿರುವುದುಂಟು. ಸಂಜೆಯ ತರಗತಿಯಾದರೆ, ನೀವು ಹೋಗುವ ಹೊತ್ತಿಗೆ ಬೆಳಗಿನ ಮಾರುಕಟ್ಟೆಯ ಅರ್ಧ ಅಂಗಡಿಗಳು ಮುಚ್ಚಿರುತ್ತವೆ. ಸಾಧ್ಯವಿದ್ದವರು ಪೂರ್ಣ ದಿನವನ್ನೇ ಆರಿಸಿಕೊಳ್ಳುವುದು ಮೇಲು.

ಹಣ ಕಟ್ಟುವ ಮೊದಲು ಶಾಲೆಯವರನ್ನು ಏನೇನು ಕೇಳಬೇಕು?

ಪ್ರತಿಯೊಬ್ಬರಿಗೂ ಬೇರೆ ಒಲೆ ಇದೆಯೇ, ಪೇಸ್ಟನ್ನು ನಾವೇ ಕುಟ್ಟುತ್ತೇವೆಯೇ, ಒಂದು ಗುಂಪಿನಲ್ಲಿ ಎಷ್ಟು ಜನ, ಯಾವ ಅಡುಗೆ ಎಂಬುದನ್ನು ಪ್ರತಿಯೊಬ್ಬರೂ ಆರಿಸಿಕೊಳ್ಳಬಹುದೇ ಅಥವಾ ಇಡೀ ಗುಂಪಿಗೆ ಒಂದೇ ಪಟ್ಟಿಯೇ. ಇಷ್ಟು ಕೇಳಿದರೆ ಸಾಕು. ಒಬ್ಬ ಶಿಕ್ಷಕರಿಗೆ ಎಂಟು ಹತ್ತು ಜನರಿದ್ದರೆ ಅವರು ಎಲ್ಲರ ಬಾಣಲೆಯತ್ತ ಗಮನ ಕೊಡಬಲ್ಲರು. ಅದಕ್ಕಿಂತ ಹೆಚ್ಚಾದರೆ ಕಷ್ಟ. ನೇರವಾಗಿ ಶಾಲೆಗೇ ಸಂದೇಶ ಕಳುಹಿಸಿ ಕಾದಿರಿಸಿದರೆ ಆಹಾರದ ನಿರ್ಬಂಧಗಳನ್ನು ಬರವಣಿಗೆಯಲ್ಲಿ ತಿಳಿಸಲು ಅನುಕೂಲ. ಮಧ್ಯವರ್ತಿಗಳ ಮೂಲಕ ಹೋದಾಗ ಆ ಮಾಹಿತಿ ಅಡುಗೆ ಮನೆಯವರೆಗೆ ತಲುಪದಿರುವ ಸಾಧ್ಯತೆ ಹೆಚ್ಚು.

ನಾನು ಶುದ್ಧ ಸಸ್ಯಾಹಾರಿ. ಥಾಯ್ ಅಡುಗೆ ತರಗತಿಗೆ ಹೋಗುವುದರಲ್ಲಿ ಅರ್ಥವಿದೆಯೇ?

ಖಂಡಿತ ಇದೆ, ಆದರೆ "ಸಸ್ಯಾಹಾರಿ" ಎಂದಷ್ಟೇ ಹೇಳಿ ಸುಮ್ಮನಾಗಬಾರದು. ಥಾಯ್ ಅಡುಗೆಯಲ್ಲಿ ಮಾಂಸದ ತುಂಡುಗಳನ್ನು ತೆಗೆದುಬಿಡುವುದು ಸುಲಭ. ಕಷ್ಟವಿರುವುದು ಕಣ್ಣಿಗೆ ಕಾಣದ ಪದಾರ್ಥಗಳಲ್ಲಿ. ಉಪ್ಪಿನ ಬದಲು ಬಳಸುವ ನಾಮ್ ಪ್ಲಾ ಎಂಬುದು ಮೀನನ್ನು ಉಪ್ಪಿನಲ್ಲಿ ಹುದುಗಿಸಿ ತೆಗೆದ ರಸ. ಕರಿ ಪೇಸ್ಟಿನಲ್ಲಿ ಕಪಿ ಎಂಬ ಸೀಗಡಿ ಪೇಸ್ಟ್ ಇರುತ್ತದೆ. ಬಾಣಲೆಯಲ್ಲಿ ಹುರಿಯುವ ತರಕಾರಿಗೆ ಕಡಲ ಚಿಪ್ಪುಜೀವಿಯಿಂದ ತೆಗೆದ ಆಯ್‌ಸ್ಟರ್ ಸಾಸ್ ಬೀಳುತ್ತದೆ. ಪ್ಯಾಡ್ ಥಾಯ್‌ಗೂ ಹಸಿ ಪಪ್ಪಾಯಿಯ ಕೋಸಂಬರಿಯಂಥ ಸೊಮ್ ತಾಮ್‌ಗೂ ಒಣ ಸೀಗಡಿ ಹಾಕುತ್ತಾರೆ. ಇದನ್ನೆಲ್ಲ ಬಿಡಿಸಿ ಹೇಳದಿದ್ದರೆ ತೋಫು ಹಾಕಿದ ಹಸಿರು ಕರಿಯಲ್ಲೂ ಸೀಗಡಿ ಇರಬಹುದು, ಕೊಟ್ಟವರಿಗೆ ಅದರಲ್ಲಿ ತಪ್ಪೇನೂ ಕಾಣದಿರಬಹುದು.

ಅಲ್ಲಿ ಎರಡು ಪದಗಳು ಉಪಯೋಗಕ್ಕೆ ಬರುತ್ತವೆ. ಮಂಗ್‌ಸವಿರತ್ ಎಂದರೆ ಮಾಂಸವಿಲ್ಲದ ಊಟ. ಅದರಲ್ಲಿ ಮೊಟ್ಟೆ ಇರಬಹುದು. ಜೇ ಎಂದರೆ ಚೀನೀ ಬೌದ್ಧ ಸಂಪ್ರದಾಯದಿಂದ ಬಂದ ಕಟ್ಟುನಿಟ್ಟಾದ ಆಹಾರ ಕ್ರಮ. ಅದರಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಬರುವ ಸಸ್ಯಾಹಾರ ಹಬ್ಬದ ದಿನಗಳಲ್ಲಿ ಅಂಗಡಿಗಳ ಮುಂದೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಕಾಣುವುದು ಇದೇ ಪದ. "ಕಿನ್ ಜೇ" ಎಂದರೆ ಜೇ ಊಟ ಮಾಡುತ್ತೇನೆ ಎಂದು. "ಮಾಯ್ ಸಾಯ್ ನಾಮ್ ಪ್ಲಾ" ಎಂದರೆ ಮೀನಿನ ಸಾಸ್ ಹಾಕಬೇಡಿ, "ಮಾಯ್ ಸಾಯ್ ಖಾಯ್" ಎಂದರೆ ಮೊಟ್ಟೆ ಹಾಕಬೇಡಿ.

ಪರ್ಯಾಯಗಳಿಗೆ ಕೊರತೆಯಿಲ್ಲ. ಮೀನಿನ ಸಾಸ್‌ಗೆ ಬದಲಾಗಿ ತಿಳಿ ಸೋಯಾ ಸಾಸ್ ಮತ್ತು ಉಪ್ಪು, ಆಯ್‌ಸ್ಟರ್ ಸಾಸ್‌ಗೆ ಬದಲಾಗಿ ಅಣಬೆಯ ಸಾಸ್, ಸೀಗಡಿ ಪೇಸ್ಟ್‌ಗೆ ಬದಲಾಗಿ ಹುದುಗಿಸಿದ ಸೋಯಾ ಅವರೆಯ ಪೇಸ್ಟ್. ಉತ್ತರ ಥಾಯ್ಲೆಂಡಿನಲ್ಲಿ ಥುವಾ ನಾವ್ ಎಂಬ, ಸೋಯಾ ಅವರೆಯನ್ನು ಹುದುಗಿಸಿ ಬಿಲ್ಲೆ ತಟ್ಟಿ ಒಣಗಿಸಿದ ಪದಾರ್ಥ ಸಿಗುತ್ತದೆ. ಸೀಗಡಿಯ ಗಾಢ ರುಚಿಗೆ ಸಮನಾಗಿ ನಿಲ್ಲುವ ಸಸ್ಯ ಮೂಲದ ಪದಾರ್ಥ ಇದೇ ಎಂಬುದು ನನ್ನ ಅನುಭವ, ಮಾರುಕಟ್ಟೆ ಸುತ್ತುವಾಗ ಶಿಕ್ಷಕರನ್ನು ಕೇಳಿ ಇದನ್ನು ನೋಡಲೇಬೇಕು. ಬ್ಯಾಂಕಾಕಿನಲ್ಲಿ ಹೆಸರಾದ ಮೇ ಕೈಡೀಯಂತೆ ಸಸ್ಯಾಹಾರವನ್ನಷ್ಟೇ ಕಲಿಸುವ ಶಾಲೆಗಳೂ ಉಂಟು. ಮಾಂಸ ಬೇಯುವ ಅಡುಗೆ ಮನೆಯಲ್ಲಿ ನಿಲ್ಲಲಾಗದವರು ಅಂಥ ಶಾಲೆಯನ್ನೇ ಹುಡುಕುವುದು ಒಳ್ಳೆಯದು. ಮಿಶ್ರ ತರಗತಿಯಲ್ಲಿ ಪಕ್ಕದ ಒಲೆಯವರು ಕೋಳಿ ಹುರಿಯುತ್ತಿರುತ್ತಾರೆ, ಮಾರುಕಟ್ಟೆಯಲ್ಲಿ ಮೀನು, ಹಂದಿ ಮಾಂಸದ ಸಾಲನ್ನೂ ದಾಟಬೇಕಾಗುತ್ತದೆ.

ಈರುಳ್ಳಿ, ಬೆಳ್ಳುಳ್ಳಿ ತಿನ್ನದವರು ಮತ್ತು ಜೈನರು ಏನು ಮಾಡಬೇಕು?

ಜೇ ಕ್ರಮದಲ್ಲಿ ಬೆಳ್ಳುಳ್ಳಿ, ಈರುಳ್ಳಿ, ಚೈವ್ಸ್ ಸೊಪ್ಪುಗಳೂ ನಿಷಿದ್ಧ. ಆದ್ದರಿಂದ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡುಗೆ ಎಂಬ ಕಲ್ಪನೆ ಅಲ್ಲಿನ ಶಿಕ್ಷಕರಿಗೆ ಹೊಸದಲ್ಲ, ವಿನಂತಿಸಿದರೆ ಅರ್ಥಮಾಡಿಕೊಳ್ಳುತ್ತಾರೆ. ನೆಲದಡಿಯ ಗೆಡ್ಡೆ, ಬೇರುಗಳನ್ನೂ ಬಿಟ್ಟಿರುವ ಜೈನರಿಗೆ ಸ್ವಲ್ಪ ಹೆಚ್ಚು ಯೋಚನೆ ಬೇಕು, ಏಕೆಂದರೆ ಗಲಂಗಲ್ (ಶುಂಠಿಯ ಜಾತಿಯ ಒಂದು ಗೆಡ್ಡೆ), ಶುಂಠಿ, ಅರಿಸಿನ, ಕೊತ್ತಂಬರಿ ಬೇರು ಇವೆಲ್ಲ ಪೇಸ್ಟಿನ ಅಡಿಪಾಯ. ಅವರಿಗೆ ಮಜ್ಜಿಗೆ ಹುಲ್ಲಿನ ದಂಟು, ಮಕ್ರುತ್ ಎಲೆ, ಮೆಣಸಿನಕಾಯಿ, ಕಾಮಕಸ್ತೂರಿ ಎಲೆ, ತೆಂಗಿನ ಹಾಲು ಇವುಗಳಿಂದ ಮಾಡುವ ತಿಳಿಯಾದ ಸೂಪ್, ಹುಣಸೆಹುಳಿಯ ಪ್ಯಾಡ್ ಥಾಯ್, ಮಾವಿನಹಣ್ಣಿನ ಸಿಹಿ ಅನ್ನ ಹೊಂದುತ್ತವೆ. ಗುಂಪಿನ ತರಗತಿಗಿಂತ ಕುಟುಂಬಕ್ಕೆಂದೇ ಖಾಸಗಿ ತರಗತಿ ಕೇಳಿಕೊಳ್ಳುವುದು ಹೆಚ್ಚು ನೆಮ್ಮದಿ.

ತುಳಸಿಯನ್ನು ಅಡುಗೆಗೆ ಬಳಸುತ್ತಾರಂತೆ, ನಿಜವೇ?

ನಿಜ. ಪ್ಯಾಡ್ ಕಪ್ರಾವ್ ಎಂಬ ಹುರಿದ ಅಡುಗೆಯಲ್ಲಿ ಬಳಸುವ ಎಲೆ ನಮ್ಮ ತುಳಸಿಯ ಜಾತಿಯದೇ, ಮತ್ತು ಅದನ್ನು ಸಾಮಾನ್ಯವಾಗಿ ಕೋಳಿ ಅಥವಾ ಹಂದಿ ಮಾಂಸದೊಂದಿಗೆ ಹುರಿಯುತ್ತಾರೆ. ಮನೆಯಲ್ಲಿ ತುಳಸಿ ಪೂಜೆ ಮಾಡುವವರಿಗೆ ಇದು ಹಿತವೆನಿಸದಿದ್ದರೆ ಸಂಕೋಚವಿಲ್ಲದೆ ಹೇಳಿ, ಬೇರೆ ಅಡುಗೆ ಆರಿಸಿಕೊಳ್ಳಬಹುದು. ಹಸಿರು ಕರಿಗೆ ಹಾಕುವ ಹೊರಾಫಾ ಎಂಬುದು ಬೇರೆ ಎಲೆ. ಅದು ಸೋಂಪಿನ ಪರಿಮಳವಿರುವ ಕಾಮಕಸ್ತೂರಿಯ ಬಗೆ.

ಮಾಂಸ ತಿನ್ನುತ್ತೇವೆ, ಆದರೆ ದನದ ಮಾಂಸ ಅಥವಾ ಹಂದಿ ಮಾಂಸ ಬೇಡ. ತೊಂದರೆಯಾಗುತ್ತದೆಯೇ?

ಹೆಚ್ಚಿನ ತರಗತಿಗಳಲ್ಲಿ ಕೋಳಿ ಮತ್ತು ಸೀಗಡಿಯೇ ಮುಖ್ಯವಾದ್ದರಿಂದ ಹೇಳಿದರೆ ಸಾಕು, ತೊಂದರೆಯಿಲ್ಲ. ಹಲಾಲ್ ಬೇಕಾದವರು ಮಾತ್ರ ಮುಂಚಿತವಾಗಿ ಖಚಿತಪಡಿಸಿಕೊಳ್ಳಬೇಕು.

ಅಲರ್ಜಿ ಇರುವವರು ಹೋಗಬಹುದೇ?

ಸೀಗಡಿ ಅಥವಾ ಕಡಲೆಕಾಯಿಗೆ ತೀವ್ರ ಅಲರ್ಜಿ ಇರುವವರು ಗುಂಪಿನ ತರಗತಿಗೆ ಹೋಗುವುದು ಅಪಾಯ. ನಿಮ್ಮ ಅಡುಗೆಯಲ್ಲಿ ಅದನ್ನು ಹಾಕದಿದ್ದರೂ ಅದೇ ಒರಳು, ಅದೇ ಬಾಣಲೆ, ಅದೇ ಸಟ್ಟುಗ ಹಿಂದಿನ ತರಗತಿಯಲ್ಲಿ ಬಳಕೆಯಾಗಿರುತ್ತವೆ, ಪಕ್ಕದವರು ಪ್ಯಾಡ್ ಥಾಯ್ ಮೇಲೆ ಕಡಲೆಕಾಯಿ ಪುಡಿ ಉದುರಿಸುತ್ತಿರುತ್ತಾರೆ. ವೈದ್ಯರ ಸಲಹೆ ಪಡೆದು, ಔಷಧಿಯನ್ನು ಜೊತೆಯಲ್ಲಿಟ್ಟುಕೊಂಡು, ಖಾಸಗಿ ತರಗತಿಯ ಬಗ್ಗೆ ಮಾತ್ರ ಯೋಚಿಸಬೇಕು. ಅಲರ್ಜಿಯ ವಿವರವನ್ನು ಥಾಯ್ ಲಿಪಿಯಲ್ಲಿ ಬರೆಸಿದ ಚೀಟಿ ಇಟ್ಟುಕೊಳ್ಳುವುದು ಇಡೀ ಪ್ರವಾಸಕ್ಕೆ ಉಪಯುಕ್ತ.

ನಾವು ಖಾರ ತಿನ್ನುವವರೇ. ಅಲ್ಲಿನ ಖಾರವನ್ನು ಸಹಿಸಬಲ್ಲೆವಲ್ಲವೇ?

ನಮ್ಮಲ್ಲಿ ಮೆಣಸಿನಕಾಯಿ ಸಾಮಾನ್ಯವಾಗಿ ಹುರಿದು, ಕುದಿದು, ತೆಂಗಿನಕಾಯಿಯೊಡನೆ ರುಬ್ಬಿ ಹೊಟ್ಟೆಗೆ ಹೋಗುತ್ತದೆ. ಸೊಮ್ ತಾಮ್‌ನಲ್ಲಿ ನಮ್ಮ ಜೀರಿಗೆ ಮೆಣಸಿನಷ್ಟೇ ತೀಕ್ಷ್ಣವಾದ ಸಣ್ಣ ಮೆಣಸಿನಕಾಯಿ ಹಸಿಯಾಗಿಯೇ ಜಜ್ಜಿ ಬೀಳುತ್ತದೆ. ಅದರ ಖಾರ ನೇರವಾಗಿ ನಾಲಿಗೆಗೆ ತಾಗುತ್ತದೆ. ಒಂದು ಮೆಣಸಿನಕಾಯಿಯಿಂದ ಆರಂಭಿಸಿ ರುಚಿ ನೋಡಿ ಹೆಚ್ಚಿಸುವುದು ಜಾಣತನ. ಖಾರ ಹೆಚ್ಚಾದರೆ ಬಾಕಿ ಮೂರು ರುಚಿಗಳು ನಾಲಿಗೆಗೆ ತಿಳಿಯುವುದೇ ಇಲ್ಲ, ಆಗ ಹದ ಮಾಡುವುದನ್ನು ಕಲಿಯುವುದು ಅಸಾಧ್ಯ. "ಮಾಯ್ ಫೆಟ್" ಎಂದರೆ ಖಾರ ಬೇಡ, "ಫೆಟ್ ನಿತ್ ನೋಯ್" ಎಂದರೆ ಸ್ವಲ್ಪ ಖಾರ.

ಪಟ್ಟಿಯಲ್ಲಿ ಇಷ್ಟೊಂದು ಅಡುಗೆಗಳಿರುತ್ತವೆ. ಯಾವುದನ್ನು ಆರಿಸಿಕೊಳ್ಳಬೇಕು?

ಹೋಟೆಲಿನಲ್ಲಿ ತಿನ್ನಲು ಇಷ್ಟವಾದದ್ದನ್ನಲ್ಲ, ಕೆಲಸ ಕಲಿಸುವುದನ್ನು ಆರಿಸಿಕೊಳ್ಳಿ. ನನ್ನ ಆಯ್ಕೆ ಹೀಗಿರುತ್ತದೆ: ಪೇಸ್ಟ್ ಕುಟ್ಟಲು ಒಂದು ಕರಿ, ಹದ ಹಿಡಿಯಲು ತೋಮ್ ಯಮ್ ಎಂಬ ಹುಳಿಖಾರದ ಸೂಪ್ ಅಥವಾ ಸೊಮ್ ತಾಮ್, ಬಾಣಲೆಯ ಉರಿ ಅಂದಾಜು ಸಿಗಲು ಪ್ಯಾಡ್ ಥಾಯ್, ಮತ್ತು ಅಂಟಕ್ಕಿಯನ್ನು ಹಬೆಯಲ್ಲಿ ಬೇಯಿಸುವುದನ್ನು ತಿಳಿಯಲು ಮಾವಿನಹಣ್ಣಿನ ಸಿಹಿ ಅನ್ನ. ಸ್ಪ್ರಿಂಗ್ ರೋಲ್‌ನಂಥದ್ದಕ್ಕೆ ಒಂದು ಸ್ಥಾನ ಕೊಡುವುದು ವ್ಯರ್ಥ. ಅದನ್ನು ಎಲ್ಲಿ ಬೇಕಾದರೂ ಕಲಿಯಬಹುದು.

ಸೀಗಡಿಯ ತೋಮ್ ಯಮ್ ಕುಂಗ್ 2024ರಲ್ಲಿ ಯುನೆಸ್ಕೋದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿತು. ಅಣಬೆ ಹಾಕಿ ಮಾಡಿದರೂ ಅದರಲ್ಲಿ ಕಲಿಯುವ ಪಾಠ ಒಂದೇ: ಮಜ್ಜಿಗೆ ಹುಲ್ಲು, ಗಲಂಗಲ್, ಮಕ್ರುತ್ ಎಲೆಗಳನ್ನು ಕುದಿಯುವ ನೀರಿಗೆ ಹಾಕಿ ಪರಿಮಳ ಬಿಡಿಸಬೇಕು, ನಿಂಬೆರಸವನ್ನು ಮಾತ್ರ ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು. ಆ ಹುಲ್ಲು, ಬೇರು, ಎಲೆಗಳನ್ನು ತಿನ್ನುವುದಿಲ್ಲ, ತಟ್ಟೆಯ ಬದಿಗೆ ಇಡುತ್ತಾರೆ.

ಕರಿ ಪೇಸ್ಟನ್ನು ಕೈಯಲ್ಲೇ ಕುಟ್ಟಬೇಕೆಂದು ಏಕೆ ಒತ್ತಾಯಿಸುತ್ತೀರಿ? ಮಿಕ್ಸಿ ಸಾಲದೇ?

ಮನೆಯಲ್ಲಿ ಮಿಕ್ಸಿ ಬಳಸಬಹುದು. ಆದರೆ ತರಗತಿಯಲ್ಲಿ ಒಮ್ಮೆಯಾದರೂ ಕುಟ್ಟಿದವರಿಗೆ ಮಾತ್ರ ಮಿಕ್ಸಿಯಿಂದ ಏನನ್ನು ನಿರೀಕ್ಷಿಸಬೇಕೆಂದು ಗೊತ್ತಾಗುತ್ತದೆ. ಹಸಿರು ಕರಿಯನ್ನೇ ತೆಗೆದುಕೊಳ್ಳಿ. ಮೊದಲು ಕೊತ್ತಂಬರಿ ಬೀಜ, ಜೀರಿಗೆಗಳನ್ನು ಎಣ್ಣೆಯಿಲ್ಲದೆ ಹುರಿದು, ಬಿಳಿ ಕಾಳುಮೆಣಸಿನೊಂದಿಗೆ ಪುಡಿ ಮಾಡಿ ಪಕ್ಕಕ್ಕಿಡುತ್ತಾರೆ. ನಂತರ ಕಲ್ಲಿನ ಒರಳಿಗೆ ಹಸಿಮೆಣಸಿನಕಾಯಿ ಮತ್ತು ಉಪ್ಪು. ಹರಳುಪ್ಪು ಒರಟಾಗಿರುವುದರಿಂದ ಸಿಪ್ಪೆ ಬೇಗ ನುರಿಯುತ್ತದೆ. ಆಮೇಲೆ ನಾರು ಹೆಚ್ಚಿರುವ ಮಜ್ಜಿಗೆ ಹುಲ್ಲು, ಗಲಂಗಲ್, ಮಕ್ರುತ್ ನಿಂಬೆಯ ಸಿಪ್ಪೆ, ಕೊತ್ತಂಬರಿ ಬೇರು. ಇವು ಪೂರ್ತಿ ನುಣ್ಣಗಾಗುವವರೆಗೆ ನೀರಿನಂಶ ಹೆಚ್ಚಿರುವ ಬೆಳ್ಳುಳ್ಳಿ, ಸಣ್ಣ ಈರುಳ್ಳಿಗಳನ್ನು ಹಾಕುವಂತಿಲ್ಲ, ಹಾಕಿದರೆ ಎಲ್ಲ ಜಾರಿ ನಾರು ಹಾಗೆಯೇ ಉಳಿಯುತ್ತದೆ. ಸೀಗಡಿ ಪೇಸ್ಟ್ ಕೊನೆಗೆ. ತೋಳು ನೋಯುವ ಹೊತ್ತಿಗೆ, ಅಂದರೆ ಇಪ್ಪತ್ತು ನಿಮಿಷ ಕಳೆದ ಮೇಲೆ, ವಾಸನೆ ಬದಲಾಗುತ್ತದೆ: ಅಲ್ಲಿಯವರೆಗೆ ಮೆಣಸಿನಕಾಯಿ ಬೇರೆ, ಹುಲ್ಲು ಬೇರೆ, ನಿಂಬೆ ಸಿಪ್ಪೆ ಬೇರೆ ಎಂದು ಮೂಗಿಗೆ ಬರುತ್ತಿದ್ದದ್ದು ಒಂದೇ ಪರಿಮಳವಾಗಿ ಕೂಡಿಕೊಳ್ಳುತ್ತದೆ. ಪೇಸ್ಟ್ ಆಯಿತೆಂದು ತಿಳಿಯುವುದು ಗಡಿಯಾರದಿಂದಲ್ಲ, ಈ ಬದಲಾವಣೆಯಿಂದ. ಮಿಕ್ಸಿಯ ಬ್ಲೇಡು ನಾರನ್ನು ಕತ್ತರಿಸುತ್ತದೆ, ಒರಳು ಅದನ್ನು ಜಜ್ಜಿ ಎಣ್ಣೆಯಂಶವನ್ನು ಹೊರಗೆ ತರುತ್ತದೆ.

ಸೊಮ್ ತಾಮ್‌ಗೆ ಬಳಸುವ ಒರಳು ಇದಲ್ಲ. ಅದು ಮಣ್ಣಿನದು, ಆಳವಾದದ್ದು, ಕುಟ್ಟುವ ಒನಕೆ ಮರದ್ದು. ಒಂದು ಕೈಯಲ್ಲಿ ಒನಕೆ, ಇನ್ನೊಂದು ಕೈಯಲ್ಲಿ ದೊಡ್ಡ ಚಮಚ ಹಿಡಿದು, ಕುಟ್ಟುವುದು ಮತ್ತು ಕೆಳಗಿನದನ್ನು ಮೇಲಕ್ಕೆ ತಿರುವುವುದು ಎರಡನ್ನೂ ಒಟ್ಟಿಗೇ ಮಾಡಬೇಕು. ಪಪ್ಪಾಯಿಯ ಎಸಳು ಬಾಗಬೇಕು, ಮುದ್ದೆಯಾಗಬಾರದು.

ತೆಂಗಿನ ಹಾಲಿನ ಬಳಕೆ ನಮಗೆ ಗೊತ್ತೇ ಇದೆ. ಅದರಲ್ಲಿ ಹೊಸದೇನು?

ಹಾಲು ಒಡೆಯಬಾರದೆಂದು ಕರಾವಳಿಯವರು ಗಟ್ಟಿ ಹಾಲನ್ನು ಕೊನೆಗೆ ಹಾಕಿ, ಒಂದು ಕುದಿ ಬರುವ ಮುನ್ನ ಇಳಿಸುವುದು ವಾಡಿಕೆ. ಹಸಿರು, ಕೆಂಪು ಕರಿಗಳಲ್ಲಿ ಕ್ರಮ ತಿರುಗುಮುರುಗಾಗಿದೆ: ಗಟ್ಟಿ ಹಾಲನ್ನೇ ಮೊದಲು ಬಾಣಲೆಗೆ ಹಾಕಿ, ನೀರು ಇಂಗಿ, ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಕಾಯಿಸುತ್ತಾರೆ. ಆ ಎಣ್ಣೆಯಲ್ಲಿ ಪೇಸ್ಟನ್ನು ಹುರಿದು, ಹಸಿ ವಾಸನೆ ಹೋದ ಮೇಲೆ ತೆಳು ಹಾಲು ಸೇರಿಸುತ್ತಾರೆ. ಪೊಟ್ಟಣದ ಹಾಲಿನಲ್ಲಿ ಒಡೆಯದಂತೆ ತಡೆಯುವ ಅಂಶ ಸೇರಿಸಿದ್ದರೆ ಎಷ್ಟು ಕಾಯಿಸಿದರೂ ಎಣ್ಣೆ ಬಿಡುವುದಿಲ್ಲ. ಹಾಗಾದಾಗ ಒಂದು ಚಮಚ ಕೊಬ್ಬರಿ ಎಣ್ಣೆ ಸೇರಿಸಿ ಪೇಸ್ಟನ್ನು ಹುರಿಯಬಹುದು. ತೆಂಗಿನಕಾಯಿ ತುರಿದು ಹಾಲು ಹಿಂಡಿಕೊಳ್ಳುವವರಿಗೆ ಈ ತೊಂದರೆಯಿಲ್ಲ, ಈ ವಿಷಯದಲ್ಲಿ ನಮ್ಮ ಮನೆಗಳಿಗೆ ಅನುಕೂಲವೇ ಹೆಚ್ಚು.

ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಕಲಿಯಲು ಸಾಧ್ಯವೇ?

ಸಾಧ್ಯ. ಪ್ರವಾಸಿಗರ ತರಗತಿಗಳು ಇಂಗ್ಲಿಷಿನಲ್ಲಿ ನಡೆದರೂ, ಶಿಕ್ಷಕರ ಭಾಷೆ ಸರಳವಾಗಿರುತ್ತದೆ ಮತ್ತು ಅವರು ಮಾಡಿ ತೋರಿಸಿದ ಮೇಲೆಯೇ ನಿಮ್ಮ ಸರದಿ ಬರುತ್ತದೆ. ಮನೆಯಲ್ಲಿ ದಿನವೂ ಅಡುಗೆ ಮಾಡುವ ತಾಯಂದಿರು, ಭಾಷೆ ಚೆನ್ನಾಗಿ ಬಲ್ಲ ಮಕ್ಕಳಿಗಿಂತ ಬೇಗ ಕಲಿಯುತ್ತಾರೆ. ಅವರಿಗೆ ಉರಿಯ ಅಂದಾಜು, ಒಗ್ಗರಣೆಯ ಸಮಯಪ್ರಜ್ಞೆ ಮೊದಲೇ ಇರುತ್ತದೆ.

ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಹೋಗಬಹುದೇ?

ಮಕ್ಕಳಿಗೆ ಕಡಿಮೆ ದರದಲ್ಲಿ ಪ್ರವೇಶ ಕೊಡುವ ಶಾಲೆಗಳಿವೆ. ಒಲೆಯ ಉರಿ ದೊಡ್ಡದಾದ್ದರಿಂದ ಕನಿಷ್ಠ ವಯಸ್ಸನ್ನು ವಿಚಾರಿಸಬೇಕು. ಹಿರಿಯರ ವಿಷಯದಲ್ಲಿ ನಿಲ್ಲುವ ಸಮಯವೇ ಮುಖ್ಯ ಪ್ರಶ್ನೆ. ಪೂರ್ಣ ದಿನದ ತರಗತಿಯಲ್ಲಿ ಗಂಟೆಗಟ್ಟಲೆ ಒಲೆಯ ಮುಂದೆ ನಿಲ್ಲಬೇಕು, ಸೆಖೆ ಬೇರೆ. ಮಂಡಿ ನೋವಿರುವವರಿಗೆ ಬೆಳಗಿನ ಅರ್ಧ ದಿನದ ತರಗತಿ ಹೊಂದುತ್ತದೆ. ಕುಟ್ಟುವ, ಹೆಚ್ಚುವ ಕೆಲಸಗಳನ್ನು ಕುಳಿತು ಮಾಡಲು ಅವಕಾಶವಿದೆಯೇ ಎಂದು ಕೇಳಿದರೆ ಹೆಚ್ಚಿನವರು ವ್ಯವಸ್ಥೆ ಮಾಡಿಕೊಡುತ್ತಾರೆ.

ಯಾವ ತಿಂಗಳಲ್ಲಿ ಹೋಗುವುದು ಒಳ್ಳೆಯದು?

ನವೆಂಬರಿನಿಂದ ಜನವರಿವರೆಗೆ ಹವೆ ತಂಪು. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಚಿಯಾಂಗ್ ಮಾಯ್ ಸುತ್ತಮುತ್ತ ಹೊಲ, ಕಾಡುಗಳ ಬೆಂಕಿಯ ಹೊಗೆ ದಟ್ಟವಾಗಿ ಕವಿಯುವುದುಂಟು. ಉಸಿರಾಟದ ತೊಂದರೆ ಇರುವವರು ಆ ದಿನಗಳಲ್ಲಿ ತೋಟದ ಬಯಲು ಅಡುಗೆ ಮನೆಗೆ ಹೋಗಬಾರದು. ಏಪ್ರಿಲ್ 13ರಿಂದ 15ರ ಸೊಂಗ್‌ಕ್ರಾನ್ ಹಬ್ಬಕ್ಕೆ ಕೆಲವು ಶಾಲೆಗಳಿಗೆ ರಜೆ. ಮಾವಿನಹಣ್ಣಿನ ಸಿಹಿ ಅನ್ನವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೋಗುವವರಿಗೆ ಏಪ್ರಿಲ್, ಮೇ ತಿಂಗಳು ಸರಿ.

ಉಡುಪು, ನಡವಳಿಕೆಯ ಬಗ್ಗೆ ತಿಳಿದಿರಬೇಕಾದದ್ದೇನು?

ಹತ್ತಿಯ ಬಟ್ಟೆ, ಕಟ್ಟಿದ ಕೂದಲು. ಒಳಗೆ ಹೋಗುವಾಗ ಚಪ್ಪಲಿ ಬಿಡಬೇಕಾಗಬಹುದು. ಊಟಕ್ಕೆ ಚಮಚ ಬಲಗೈಯಲ್ಲಿ, ಫೋರ್ಕ್ ಎಡಗೈಯಲ್ಲಿ ಹಿಡಿಯುತ್ತಾರೆ. ಅಂಟಕ್ಕಿಯ ಅನ್ನವನ್ನು ಮಾತ್ರ ಕೈಯಿಂದಲೇ ಉಂಡೆ ಮಾಡಿ ತಿನ್ನುತ್ತಾರೆ. ಮಾರುಕಟ್ಟೆಯಲ್ಲಿ ವ್ಯಾಪಾರಿಗಳ ಫೋಟೊ ತೆಗೆಯುವ ಮೊದಲು ಅನುಮತಿ ಕೇಳಬೇಕು, ಅವರ ವ್ಯಾಪಾರಕ್ಕೆ ಅಡ್ಡ ನಿಲ್ಲಬಾರದು. ಚಿಯಾಂಗ್ ಮಾಯ್ ಹಳೆಯ ನಗರದ ಸೊಂಫೆಟ್ ಮಾರುಕಟ್ಟೆಯಂಥ ಕಡೆಗಳಲ್ಲಿ ಅನೇಕ ಶಾಲೆಗಳ ಗುಂಪುಗಳು ಒಟ್ಟಿಗೇ ಬರುವುದರಿಂದ ಈ ಎಚ್ಚರ ಅಗತ್ಯ.

ಅಲ್ಲಿಂದ ಯಾವ ಸಾಮಗ್ರಿಗಳನ್ನು ತರಬಹುದು?

ಹಸಿ ಗಲಂಗಲ್, ಬೇರು ಸಮೇತ ಮಜ್ಜಿಗೆ ಹುಲ್ಲು, ಮಕ್ರುತ್ ಸಸಿ, ಬಿತ್ತನೆ ಬೀಜ ಇವನ್ನು ತರಬೇಡಿ. ಭಾರತದ ಸಸ್ಯ ಸಂಗರೋಧ ನಿಯಮಗಳ ಪ್ರಕಾರ ಅವಕ್ಕೆ ಪ್ರಮಾಣಪತ್ರ ಬೇಕು, ರೋಗ ಕೀಟಗಳನ್ನು ನಮ್ಮ ತೋಟಗಳಿಗೆ ತರುವ ಅಪಾಯವೂ ಸಣ್ಣದಲ್ಲ. ಕಾರ್ಖಾನೆಯಲ್ಲಿ ಮುದ್ರೆ ಹಾಕಿದ ಪೇಸ್ಟ್, ಸಾಸ್, ತಾಳೆ ಬೆಲ್ಲ ತರಬಹುದು. ಪೇಸ್ಟನ್ನೂ ವಿಮಾನ ನಿಲ್ದಾಣದಲ್ಲಿ ದ್ರವವೆಂದೇ ಪರಿಗಣಿಸುತ್ತಾರೆ. 100 ಮಿಲಿಲೀಟರಿಗಿಂತ ಹೆಚ್ಚಿದ್ದರೆ ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಸಾಮಾನಿನಲ್ಲಿ ಎರಡು ಪ್ಲಾಸ್ಟಿಕ್ ಚೀಲಗಳೊಳಗೆ ಕಟ್ಟಿ ಇಡಬೇಕು. ಹಣವನ್ನು ಯಾವುದಕ್ಕಾದರೂ ಖರ್ಚು ಮಾಡುವುದಾದರೆ ನಾನು ಸಾಸ್‌ಗಿಂತ ಅಂಟಕ್ಕಿ ಬೇಯಿಸುವ ಬಿದಿರಿನ ಬುಟ್ಟಿಯನ್ನೇ ಆರಿಸುತ್ತೇನೆ.

ಕಲಿತದ್ದನ್ನು ಮಾಡಲು ಕರ್ನಾಟಕದಲ್ಲಿ ಸಾಮಗ್ರಿ ಸಿಗುತ್ತದೆಯೇ?

ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಮತ್ತು ಆನ್‌ಲೈನ್‌ನಲ್ಲಿ ಬಹುತೇಕ ಎಲ್ಲವೂ ಸಿಗುತ್ತದೆ. ಇತರ ಊರುಗಳಲ್ಲೂ ಗಾಬರಿಯಾಗಬೇಕಿಲ್ಲ. ಮಜ್ಜಿಗೆ ಹುಲ್ಲು ಮಲೆನಾಡು, ಕರಾವಳಿಯ ಎಷ್ಟೋ ಹಿತ್ತಲುಗಳಲ್ಲಿದೆ. ಗಲಂಗಲ್ ನಮ್ಮ ನಾಟಿ ಔಷಧಿಯ ದುಂಪರಾಸ್ಮೆ. ಕೆಂಪು ಕರಿಗೆ ಬೇಕಾದ ದೊಡ್ಡ ಒಣಮೆಣಸಿನಕಾಯಿಯ ಸ್ಥಾನಕ್ಕೆ ಬ್ಯಾಡಗಿ ಮೆಣಸಿನಕಾಯಿ ಬಹಳ ಚೆನ್ನಾಗಿ ಒಪ್ಪುತ್ತದೆ: ಬಣ್ಣ ಹೆಚ್ಚು, ಖಾರ ಕಡಿಮೆ. ಹಸಿರು ಕರಿಗೆ ಹಾಕುವ ಬಟಾಣಿ ಗಾತ್ರದ ಬದನೆ ಬೇರೇನಲ್ಲ, ಸುಂಡೆಕಾಯಿ. ಮಕ್ರುತ್ ಎಲೆಗೆ ಮಾತ್ರ ಸರಿಸಾಟಿಯಿಲ್ಲ. ಒಂದು ಸಸಿಯನ್ನು ಇಲ್ಲಿನ ನರ್ಸರಿಯಿಂದಲೇ ತಂದು ಕುಂಡದಲ್ಲಿ ಬೆಳೆಸಿಕೊಳ್ಳುವುದು ಶಾಶ್ವತ ಪರಿಹಾರ, ಎಲೆ ಹೆಚ್ಚಾದಾಗ ಫ್ರೀಜರಿನಲ್ಲಿಟ್ಟರೆ ತಿಂಗಳುಗಟ್ಟಲೆ ಪರಿಮಳ ಉಳಿಯುತ್ತದೆ.

ಮನೆಗೆ ಬಂದ ಮೇಲೆ ಮೊದಲು ಏನು ಮಾಡಬೇಕು?

ಒಂದು ವಾರದೊಳಗೆ ಒಮ್ಮೆ ಮಾಡಬೇಕು, ಇಲ್ಲವಾದರೆ ನಾಲಿಗೆಗೆ ಹದ ಮರೆತುಹೋಗುತ್ತದೆ. ಸೊಮ್ ತಾಮ್‌ನಿಂದ ಆರಂಭಿಸಿ. ಪಪ್ಪಾಯಿ ಕಾಯಿ, ಅಲಸಂದೆ ಕಾಯಿ, ಟೊಮೆಟೊ, ಕಡಲೆಕಾಯಿ, ನಿಂಬೆಹಣ್ಣು, ಬೆಲ್ಲ ಎಲ್ಲವೂ ಸಂತೆಯಲ್ಲೇ ಸಿಗುತ್ತವೆ, ಒಲೆಯೇ ಬೇಕಿಲ್ಲ. ಮಣ್ಣಿನ ಒರಳಿಲ್ಲದವರು ದೊಡ್ಡ ಬಟ್ಟಲಿನಲ್ಲಿ ಮರದ ಸೌಟಿನಿಂದ ಜಜ್ಜಿದರೂ ಆಗುತ್ತದೆ. ಪ್ಯಾಡ್ ಥಾಯ್ ಮಾಡುವಾಗ ಇಡೀ ಮನೆಗೆ ಒಂದೇ ಬಾರಿ ಮಾಡಲು ಹೋಗಬಾರದು. ಮನೆಯ ಒಲೆಯ ಉರಿ ಸಣ್ಣದು; ಬಾಣಲೆ ತುಂಬಿದರೆ ನೂಡಲ್ಸ್ ಹುರಿಯದೆ ಬೆಂದು ಅಂಟಾಗುತ್ತದೆ, ಆದ್ದರಿಂದ ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ ಇಬ್ಬರಿಬ್ಬರಿಗೆ ಮಾಡಬೇಕು. ಕರಿ ಪೇಸ್ಟನ್ನು ಮಿಕ್ಸಿಯಲ್ಲಿ ಮಾಡುವಾಗ ನಾರಿನ ಪದಾರ್ಥಗಳನ್ನು ಮೊದಲು ಸಣ್ಣಗೆ ಹೆಚ್ಚಿಕೊಂಡು, ನೀರಿನ ಬದಲು ಸ್ವಲ್ಪ ತೆಂಗಿನ ಹಾಲು ಸೇರಿಸಿ ರುಬ್ಬಬೇಕು. ಉಳಿದದ್ದನ್ನು ಐಸ್ ಟ್ರೇಯಲ್ಲಿ ಹಾಕಿ ಫ್ರೀಜರಿನಲ್ಲಿಟ್ಟರೆ ಬೇಕಾದಾಗ ಒಂದೊಂದು ತುಂಡು ತೆಗೆದುಕೊಳ್ಳಬಹುದು. ಅಂಟಕ್ಕಿಯನ್ನು ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಇಡ್ಲಿ ಪಾತ್ರೆಯಲ್ಲಿ ತೂತಿನ ತಟ್ಟೆಯ ಮೇಲೆ ತೆಳು ಬಟ್ಟೆ ಹಾಸಿ ಹಬೆಯಲ್ಲಿ ಬೇಯಿಸಿದರೆ ಸುಮಾರು ಅರ್ಧ ಗಂಟೆಯಲ್ಲಿ ಆಗುತ್ತದೆ, ನಡುವೆ ಒಮ್ಮೆ ಮಗುಚಿ ಹಾಕಬೇಕು. ಉಪ್ಪು, ಸಕ್ಕರೆ ಕರಗಿಸಿದ ತೆಂಗಿನ ಹಾಲನ್ನು ಅನ್ನ ಬಿಸಿಯಿರುವಾಗಲೇ ಬೆರೆಸಿ ಮುಚ್ಚಿಟ್ಟರೆ ಅಕ್ಕಿ ಅದನ್ನೆಲ್ಲ ಹೀರಿಕೊಳ್ಳುತ್ತದೆ.